ಪುರಭವನದ ಕಥೆ ಚಿಲಿಂಬಿಯಿಂದ ಶುರುವಾಗುತ್ತದೆ

(ಮಂಗಳೂರಿನ ಕಡಲ ತಡಿಯ ಭಜನಾ ಮಂದಿರವೊಂದರಲ್ಲಿ ಜೂನ್ ಕೊನೆಯ ವಾರ ಆಡಿದ ಮಾತುಗಳ ಬರಹ ರೂಪ. ತುಳುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದಿದ್ದೇನೆ. ಸಭೆಯಲ್ಲಿ ಕೇಳಿದ ಒಂದೆರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರ ಕೊನೆಯಲ್ಲಿದೆ.)

ಹಿರಿಯರಿಗೆ, ಊರಿನ ಮುಂದಾಳುಗಳಾದ ಗುರಿಕಾರರಿಗೆ, ಅಕ್ಕಂದಿರಿಗೆ, ತಮ್ಮಂದಿರಿಗೆ ನಮಸ್ಕಾರ.

ಈ ಮಂದಿರದ ಹಿಂದಿನ ಖಾಲಿ ಜಾಗದಲ್ಲಿ, ಕಡಲಿಗೆ ಹೋಗಿ ಮರಳದವರ ನೆನಪಿಗೆ ಒಂದು ಸಭಾಭವನ ಕಟ್ಟಬೇಕೆಂದು ಇಲ್ಲಿನ ಯುವಕರು ಹೊರಟಿದ್ದಾರೆ. ಕೆಲಸಕ್ಕೆ ಕೈಹಾಕುವ ಮೊದಲು ಪೇಟೆಯ ಕುದ್ಮುಲ್ ರಂಗರಾವ್ ಪುರಭವನದ ಚರಿತ್ರೆಯನ್ನು ಒಮ್ಮೆ ಕೇಳಿಸಿಕೊಳ್ಳೋಣ ಎಂದು ನನ್ನನ್ನು ಕರೆಸಿದ್ದಾರೆ. ಹೊತ್ತೂ ಸರಿಯಾಗಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ, ಆದ್ದರಿಂದಲೇ ಗಂಡಸರು ಇಷ್ಟು ಮಂದಿ ಒಟ್ಟಿಗೆ ಊರಲ್ಲಿದ್ದೀರಿ. ಜೊತೆಗೆ ಜೂನ್ 29, ದಲಿತ ಮಕ್ಕಳಿಗೆ ಶಾಲೆ ತೆರೆದ ಆ ರಂಗರಾಯರು ಹುಟ್ಟಿದ ದಿನ.

ಪುರಭವನ ಎಲ್ಲಿದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಗಡಿಯಾರ ಗೋಪುರದ ಹತ್ತಿರ, ನೆಹರೂ ಮೈದಾನದ ಮಗ್ಗುಲಲ್ಲಿರುವ ಆ ಕಟ್ಟಡದೊಳಗೆ ಕೂತು ತುಳು ನಾಟಕ ನೋಡದವರು ಈ ಸಭೆಯಲ್ಲಿ ಸಿಗುವುದು ಕಷ್ಟ. ಯಕ್ಷಗಾನ, ತಾಳಮದ್ದಳೆ, ಶಾಲೆಗಳ ಕಾರ್ಯಕ್ರಮ, ಕಾರ್ಮಿಕರ ಸಮಾವೇಶ, ಪುಸ್ತಕ ಬಿಡುಗಡೆ, ಸನ್ಮಾನ ಎಲ್ಲವೂ ಅಲ್ಲಿ ನಡೆಯುತ್ತವೆ. ಅದು ಮಹಾನಗರ ಪಾಲಿಕೆಯ ಆಸ್ತಿ, ಎಂದರೆ ನಮ್ಮೆಲ್ಲರದು. ಸ್ವಾತಂತ್ರ್ಯ ಬಂದ ಮೇಲೆ ಕಟ್ಟಿದ್ದು. ಬಹಳ ಕಾಲ ಅದಕ್ಕೆ ಟೌನ್‌ಹಾಲ್ ಎಂದಷ್ಟೇ ಹೆಸರಿತ್ತು. ರಂಗರಾಯರ ಹೆಸರು ಸೇರಿದ್ದು ಎಷ್ಟೋ ವರ್ಷಗಳ ಮೇಲೆ, ದಲಿತ ಸಂಘಟನೆಗಳು ಪಟ್ಟು ಹಿಡಿದು ಕೇಳಿದ ಮೇಲೆ.

ಹೀಗಾಗಿ ಆ ಕಟ್ಟಡದ ಚರಿತ್ರೆಯನ್ನು ಶಂಕುಸ್ಥಾಪನೆಯಿಂದ ಶುರುಮಾಡಿದರೆ ಅರ್ಧ ವಿಷಯ ಕೈತಪ್ಪುತ್ತದೆ. ಕಲ್ಲು, ಗಾರೆ, ಗುತ್ತಿಗೆದಾರ, ಉದ್ಘಾಟನೆಗೆ ಬಂದ ಮಂತ್ರಿ, ಇಷ್ಟೇ ಸಿಗುವುದು. ನನ್ನ ಪ್ರಕಾರ ಅದು ಶುರುವಾಗುವುದು 1892ರಲ್ಲಿ, ಮಂಗಳೂರಿನ ಉರ್ವ ಚಿಲಿಂಬಿಯ ಒಂದು ಬಾಡಿಗೆ ಮನೆಯಲ್ಲಿ.

ಅದಕ್ಕೂ ಸ್ವಲ್ಪ ಹಿಂದಿನ ಮಾತು ಹೇಳಬೇಕು. 1870ರಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜ ಹುಟ್ಟಿತು. ಉಳ್ಳಾಲ ರಘುನಾಥಯ್ಯನವರು ಅದರ ಮುಂದಾಳು. ಜಾತಿಯ ಕಟ್ಟು ಬೇಡ, ವಿಗ್ರಹ ಬೇಡ, ದೇವರ ಮುಂದೆ ಎಲ್ಲರೂ ಸಮಾನರು ಎಂಬ ಮಾತಿಗೆ ಈ ಬಂದರು ಪಟ್ಟಣದಲ್ಲಿ ಕಿವಿಗೊಟ್ಟವರು ಬೆರಳೆಣಿಕೆಯಷ್ಟು ಮಂದಿ. ಆ ಬಳಗಕ್ಕೆ ಮುಂದೆ ಬಂದು ಸೇರಿದವರು ರಂಗರಾಯರು. ಹುಟ್ಟಿದ್ದು 1859ರಲ್ಲಿ, ಕಾಸರಗೋಡು ಕಡೆಯ ಕುದ್ಮುಲ್ ಎಂಬಲ್ಲಿ, ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ. ಹೊಟ್ಟೆಪಾಡಿಗೆ ಮಂಗಳೂರಿಗೆ ಬಂದರು, ಮಾಸ್ತರಿಕೆ ಮಾಡಿದರು, ಆಮೇಲೆ ವಕೀಲಿ ಪರೀಕ್ಷೆ ಪಾಸಾಗಿ ಕೋರ್ಟಿಗೆ ಹೋದರು. ಬಡವರ ವಕೀಲ ಎಂದು ಹೆಸರಾಯಿತು. ಅಲ್ಲಿಗೇ ನಿಂತಿದ್ದರೆ ಗೌರವದ ಬದುಕು, ಯಾರ ತಕರಾರೂ ಇರುತ್ತಿರಲಿಲ್ಲ.

ಅವರು ನಿಲ್ಲಲಿಲ್ಲ. ಚಿಲಿಂಬಿಯಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಶಾಲೆಯ ಅಂಗಳಕ್ಕೂ ಬಿಟ್ಟುಕೊಳ್ಳದಿದ್ದ ಮಕ್ಕಳಿಗೆ ಒಂದು ಶಾಲೆ ತೆರೆದರು. ಆ ಕಾಲದಲ್ಲಿ ಅಂಥ ಶಾಲೆ ನಡೆಸುವುದೆಂದರೆ ಏನೆಂದು ಸ್ವಲ್ಪ ಬಿಡಿಸಿ ಯೋಚನೆ ಮಾಡಿ. ಮೊದಲನೆಯದು, ಮಕ್ಕಳು ಬರಬೇಕು. ಬಂದ ಮಗುವಿನ ಒಂದು ದಿನದ ದುಡಿಮೆ ಆ ಮನೆಗೆ ಇಲ್ಲವಾಗುತ್ತದೆ, ಅದಕ್ಕಾಗಿ ಶಾಲೆಯಲ್ಲೇ ಮಧ್ಯಾಹ್ನದ ಊಟ ಹಾಕಬೇಕು. ಎರಡನೆಯದು, ಕಲಿಸುವವರು ಬೇಕು. ಮೇಲ್ಜಾತಿಯ ಮಾಸ್ತರುಗಳು ಆ ಕಡೆ ತಲೆ ಹಾಕುವುದಿಲ್ಲ. ಇವೆರಡನ್ನೂ ರಂಗರಾಯರು ಹೇಗೋ ದಾಟಿಕೊಂಡರು. ಮೂರನೆಯದೇ ಕಠಿಣವಾದದ್ದು: ಮಾಡು, ಎಂದರೆ ತಲೆಯ ಮೇಲೊಂದು ಸೂರು. ಮನೆ ಕೊಟ್ಟ ಯಜಮಾನನ ಮೇಲೆ ನೆರೆಹೊರೆಯವರು ಒತ್ತಡ ತಂದರೆ ಅವನು ಬಿಡಿಸದೆ ಇರುತ್ತಾನೆಯೇ? ಬಿಡಿಸಿದರು. ಶಾಲೆ ಬೇರೆ ಜಾಗ ಹುಡುಕಿಕೊಂಡು ಹೊರಟಿತು. ಮಕ್ಕಳು, ಮಾಸ್ತರು, ಹಲಗೆ ಎಲ್ಲ ಇದ್ದೂ ತಲೆಯ ಮೇಲೆ ಹಂಚು ಇಲ್ಲ ಎಂಬ ಸ್ಥಿತಿ. ಇಲ್ಲಿ ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡವರು ಇದ್ದೀರಿ, ನಿಮಗೆ ಆ ಸಂಕಟ ನಾನು ಹೇಳದೆ ಗೊತ್ತು. ಆದರೆ ನಿಮ್ಮ ಮನೆಗೆ ನುಗ್ಗಿದ್ದು ಕಡಲು, ಆ ಮಕ್ಕಳನ್ನು ಹೊರಗೆ ಹಾಕಿದ್ದು ಮನುಷ್ಯರು.

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನೇ ಕಟ್ಟಿದರು. ನಾವು ಡಿ.ಸಿ.ಎಂ. ಎಂದು ಕರೆಯುವುದು ಅದನ್ನೇ. ಕೊಡಿಯಾಲಬೈಲಿನಲ್ಲಿ ಸ್ವಂತ ಜಾಗ, ಶಾಲೆ, ಹಾಸ್ಟೆಲ್, ಮಗ್ಗ, ಬಡಗಿ ಕೆಲಸದ ತರಬೇತಿ ಬಂದವು. ಬರೀ ಅಕ್ಷರ ಕಲಿಸಿ ಕೈಬಿಟ್ಟರೆ ಆ ಹುಡುಗನಿಗೆ ಕೆಲಸ ಕೊಡುವವರು ಯಾರು ಎಂಬುದು ಅವರಿಗೆ ಗೊತ್ತಿತ್ತು. ಮನೆ ಕಟ್ಟಿಕೊಳ್ಳಲು ಜಾಗ ಬೇಕು ಎಂದು ಭೂಮಿ ಮಾಡಿಸಿಕೊಟ್ಟರು, ಸಹಕಾರಿ ಸಂಘ ಮಾಡಿಸಿದರು, ಸ್ಥಳೀಯ ಆಡಳಿತದಲ್ಲಿ ದಲಿತರಿಗೆ ಸ್ಥಾನ ಸಿಗಬೇಕೆಂದು ದುಡಿದರು. ಉಡುಪಿಯ ತನಕವೂ ಶಾಲೆಗಳು ಹರಡಿದವು.

ಇದಕ್ಕೆಲ್ಲ ತೆತ್ತ ಬೆಲೆ ಏನು? ಸ್ವಂತ ಜಾತಿಯವರು ಹೊರಗಿಟ್ಟರು. ಊಟಕ್ಕೆ ಕರೆಯಲಿಲ್ಲ, ಮನೆಗೆ ಬರಲಿಲ್ಲ. ಆ ಮನುಷ್ಯ ಬಗ್ಗಲಿಲ್ಲ. ಮಗಳು ರಾಧಾಬಾಯಿಯನ್ನು ಜಾತಿಯ ಹೊರಗೆ, ತಮಿಳುನಾಡಿನ ಡಾ. ಪಿ. ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. ಆ ಸುಬ್ಬರಾಯನ್ 1926ರಿಂದ 1930ರವರೆಗೆ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿ ಸ್ಥಾನದಲ್ಲಿದ್ದರು. ರಾಧಾಬಾಯಿ 1930ರ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋದರು. ಮೊಮ್ಮಗ ಪಿ.ಪಿ. ಕುಮಾರಮಂಗಲಂ ಭಾರತದ ಭೂಸೇನೆಯ ಮುಖ್ಯಸ್ಥರಾದರು. ಮಂಗಳೂರಿನಲ್ಲಿ ಊಟದ ಪಂಕ್ತಿಯಿಂದ ಎಬ್ಬಿಸಿದ ಮನೆತನ ಎಲ್ಲಿಗೆ ಹೋಯಿತು ನೋಡಿ. ನಮ್ಮ ಊರಿನ ಮಕ್ಕಳಿಗೆ ಇದು ಶಾಲೆಯಲ್ಲಿ ಸಿಗುವುದಿಲ್ಲ ಎಂಬುದು ನನ್ನ ದೊಡ್ಡ ಬೇಸರ.

1928ರ ಜನವರಿ 30ರಂದು ರಂಗರಾಯರು ತೀರಿಕೊಂಡರು. ತಮ್ಮ ಹೆಣವನ್ನು ಪೌರಕಾರ್ಮಿಕರ ಸಮುದಾಯದವರೇ ಹೊರಬೇಕು ಎಂದು ಮೊದಲೇ ಹೇಳಿಟ್ಟಿದ್ದರು. ಸಮಾಧಿ ಇರುವುದು ಅತ್ತಾವರದ ಬಾಬುಗುಡ್ಡೆಯಲ್ಲಿ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಈ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು, ಆಗ ಜನ್ಮ ಸಾರ್ಥಕ ಎಂಬ ಅವರ ಆಸೆಯನ್ನು ನೀವು ಕೇಳಿರುತ್ತೀರಿ. ಜನ ಅದನ್ನು ಭಾಷಣದಲ್ಲಿ ಮತ್ತೆ ಮತ್ತೆ ಹೇಳುತ್ತಾರೆ, ಹೇಳಲಿ. ಆದರೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಹೆಣ ಹೊರುವ ಮಾತು. ಬದುಕಿದ್ದಾಗ ಎಲ್ಲ ಮಾಡಿ, ಸತ್ತ ಮೇಲೆ ಮನೆಯವರು ಹಳೆಯ ಕ್ರಮಕ್ಕೆ ಮರಳಿಬಿಟ್ಟರೆ ಎಂಬ ಯೋಚನೆ ಅವರಿಗೆ ಬಂದಿರಬೇಕು. ಅದಕ್ಕೂ ದಾರಿ ಮಾಡಿಟ್ಟೇ ಹೋದರು.

ಗಾಂಧೀಜಿ ಮಂಗಳೂರಿಗೆ ಮೂರು ಸಲ ಬಂದವರು: 1920, 1927 ಮತ್ತು 1934. ಕೊನೆಯದು ಅಸ್ಪೃಶ್ಯತಾ ನಿವಾರಣೆಯ ಪ್ರವಾಸ. ಆ ಫೆಬ್ರವರಿಯಲ್ಲಿ ಕೊಡಿಯಾಲಬೈಲಿನ ಡಿ.ಸಿ.ಎಂ. ಸಂಸ್ಥೆಗೆ ಹೋಗಿ ನೋಡಿದರು. ಆಗ ರಂಗರಾಯರು ಹೋಗಿ ಆರು ವರ್ಷವಾಗಿತ್ತು. ಮರುದಿನ ಉಡುಪಿಯ ಅಜ್ಜರಕಾಡಿನಲ್ಲಿ ಮಾತಾಡಿದರು. ಅದೇ ಅಜ್ಜರಕಾಡಿನಲ್ಲಿ ಇವತ್ತು ಹುತಾತ್ಮರ ಸ್ಮಾರಕವಿದೆ.

ಇನ್ನು ನಿಮ್ಮ ಕಡೆಗೆ ಬರುತ್ತೇನೆ.

ಈಗ ನಾವು ಕೂತಿರುವ ಮಂದಿರವನ್ನೇ ನೋಡಿ. ಮೇಲೆ ತಿರುಗುವ ಫ್ಯಾನಿನ ಮೂರು ರೆಕ್ಕೆಯಲ್ಲೂ ಕೆಂಪು ಬಣ್ಣದಲ್ಲಿ ಬರೆದಿದೆ, ದಿವಂಗತ ಇಂಥವರ ಸ್ಮರಣಾರ್ಥ, ಮಕ್ಕಳು. ಫ್ಯಾನು ತಿರುಗುವಾಗ ಓದಲು ಬರುವುದಿಲ್ಲ, ಕರೆಂಟು ಹೋದಾಗ ಹೆಸರು ಕಾಣುತ್ತದೆ. ಪ್ಲಾಸ್ಟಿಕ್ ಕುರ್ಚಿಯ ಬೆನ್ನಿನಲ್ಲಿ ಒಂದು ಹೆಸರು, ಗೋಡೆ ಗಡಿಯಾರದ ಕೆಳಗೆ ಒಂದು, ನೀರಿನ ಟ್ಯಾಂಕಿನ ಮೇಲೆ ಒಂದು. ಆ ಪಕ್ಕದಲ್ಲಿ ಹಾರ ಹಾಕಿದ ಫೋಟೋಗಳ ಸಾಲು. ಮಂಗಳೂರಿನಿಂದ ಮಲ್ಪೆ ದಾಟಿ ಹೋದರೂ ಪ್ರತಿ ಪಟ್ಣದಲ್ಲಿ, ಎಂದರೆ ಮೀನುಗಾರರ ಊರಿನಲ್ಲಿ, ಇದೇ ಕ್ರಮ. ಸ್ಮಾರಕ ಭವನ ಎಂಬುದು ನಿಮಗೆ ಹೊಸದಲ್ಲ, ನೀವು ಅದರೊಳಗೇ ಬೆಳೆದವರು.

ಕಡಲ ತಡಿಯ ಈ ಭಜನಾ ಮಂದಿರಗಳ ಚರಿತ್ರೆಯನ್ನು ಯಾರಾದರೂ ಕೂತು ಬರೆಯಬೇಕು. ದಡದಿಂದ ಎಳೆಯುವ ದೊಡ್ಡ ಬಲೆಯಾದ ರಂಪಣಿಯ ಕಾಲದಲ್ಲಿ ಒಂದು ಬಲೆ ಎಳೆಯಲು ಊರಿಗೆ ಊರೇ ದಡದಲ್ಲಿ ನಿಲ್ಲಬೇಕಿತ್ತು. ಸಿಕ್ಕ ಮೀನಿನ ದುಡ್ಡಿನಲ್ಲಿ ಎಳೆದವರಿಗೆ ಪಾಲು, ದೋಣಿಗೆ ಪಾಲು, ಬಲೆಗೆ ಪಾಲು, ಜೊತೆಗೆ ದೇವರ ಪಾಲು. ಮಂದಿರದ ಎಣ್ಣೆ, ತಾಳ, ಹಾರ್ಮೋನಿಯಂ, ಇಡೀ ದಿನದ ಏಕಾಹ ಭಜನೆಯ ಖರ್ಚು ಎಲ್ಲ ಆ ಪಾಲಿನಿಂದ. ಜಗಳ ತೀರ್ಮಾನವಾದದ್ದು ಇದೇ ಜಗಲಿಯಲ್ಲಿ, ಮದುವೆಯ ಮಾತು ನಡೆದದ್ದೂ ಇಲ್ಲೇ. 1970ರ ದಶಕದಲ್ಲಿ, ಕಡಲಲ್ಲೇ ಮೀನಿನ ಹಿಂಡಿಗೆ ಬಲೆ ಸುತ್ತಿ ಹಿಡಿಯುವ ಪರ್ಸೀನ್ ಬೋಟು ಬಂದ ಮೇಲೆ ರಂಪಣಿ ಸೋತಿತು. ದಡದಲ್ಲಿ ಎಲ್ಲರೂ ಒಟ್ಟಿಗೆ ನಿಲ್ಲುವ ಕೆಲಸ ಹೋಯಿತು. ಮೀನು ಹಿಡಿಯುವ ಕ್ರಮ ಬದಲಾದರೂ ಮಂದಿರ ಉಳಿದಿದೆ, ಊರು ಇನ್ನೂ ಒಟ್ಟಿಗೆ ಕೂರುವ ಜಾಗ ಇದೊಂದೇ. ಇದನ್ನು ನಾನು ಬಹಳ ದೊಡ್ಡ ವಿಷಯ ಎಂದು ತಿಳಿದಿದ್ದೇನೆ.

ಕಡಲಿನಲ್ಲಿ ಹೋದವರಿಗೆ ಬೇರೆ ಸಮಾಧಿ ಇಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟನ್ನು ಇಲ್ಲಿ ಮರೆತವರು ಯಾರೂ ಇಲ್ಲ. ಉಡುಪಿ ಮತ್ತು ಉತ್ತರ ಕನ್ನಡದ ಏಳು ಮಂದಿ ಅದರಲ್ಲಿದ್ದರು. ತಿಂಗಳುಗಟ್ಟಲೆ ಹುಡುಕಾಟವಾಯಿತು, ರಸ್ತೆ ತಡೆ ಆಯಿತು, 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಕಡೆಯ ಕಡಲಿನ ತಳದಲ್ಲಿ ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿತು. ಆ ಮನೆಗಳಲ್ಲಿ ಹೆಂಗಸರು ಎಷ್ಟು ದಿನ ಹಣೆಯ ಕುಂಕುಮ ಇಟ್ಟುಕೊಂಡೇ ಕಾದಿರಬಹುದು ಎಂದು ಯೋಚಿಸಿದರೆ ನನಗೆ ಮಾತು ಹೊರಡುವುದಿಲ್ಲ. ಹೆಣ ಸಿಗದ ಸಾವಿಗೆ ಬೊಜ್ಜ, ಎಂದರೆ ಉತ್ತರಕ್ರಿಯೆ, ಯಾವ ದಿನ ಮಾಡುವುದು? ಹೂ ಎಲ್ಲಿ ಇಡುವುದು? ನೀವು ಕಟ್ಟಬೇಕೆಂದಿರುವ ಭವನ ಅಂಥ ಮನೆಗಳಿಗೆ ಒಂದು ಜಾಗ. ಅದಕ್ಕಾಗಿ ಈ ಕೆಲಸ ಆಗಲೇಬೇಕು ಎಂದು ನಾನು ಹೇಳುತ್ತೇನೆ.

ಹಾಗಾದರೆ ರಂಗರಾಯರ ಭವನದಿಂದ ನಿಮಗೇನು ಸಿಗುತ್ತದೆ? ಒಂದೇ ಮಾತು. ಭವನದ ಹೆಸರು ಯಾರದ್ದೆಂದು ನೋಡಬೇಡಿ, ಎದುರು ಬಾಗಿಲಿನಿಂದ ಯಾರು ಒಳಗೆ ಬರಬಹುದು ಎಂದು ನೋಡಿ. ಬಾಡಿಗೆ ಮನೆಯಿಂದ ಮಕ್ಕಳ ಸಮೇತ ಹೊರಬಿದ್ದ ಮನುಷ್ಯನ ಹೆಸರು ಇವತ್ತು ಊರಿನ ನಡುವಿನ ಭವನದ ಮೇಲಿದೆ. ಆ ಹೆಸರಿಗೆ ಮರ್ಯಾದೆ ಸಿಗುವುದು ಅಲ್ಲಿ ಬಡವರ ಮಕ್ಕಳ ನಾಟಕಕ್ಕೆ ಪರದೆ ಎದ್ದಾಗ, ಆದಿವಾಸಿ ಕೊರಗರ ಹುಡುಗಿ ವೇದಿಕೆಯ ಮೇಲೆ ನಿಂತು ಮಾತಾಡಿದಾಗ, ಗುಡಿಸುವ ಹೆಂಗಸು ಕೆಲಸ ಮುಗಿಸಿ ಅದೇ ಕುರ್ಚಿಯಲ್ಲಿ ಕೂತು ಆಟ ನೋಡಿದಾಗ. ಬಾಡಿಗೆ ದರದ ಪಟ್ಟಿಯೂ ಸ್ಮಾರಕದ ಭಾಗವೇ. ದರ ಏರಿದರೆ ಯಾರು ಮೊದಲು ಹೊರಗುಳಿಯುತ್ತಾರೆ ಎಂದು ಪ್ರತಿ ಸಲ ಕೇಳಬೇಕು, ಪುರಭವನದಲ್ಲಿಯೂ, ನಿಮ್ಮಲ್ಲಿಯೂ.

ಬಾಗಿಲು ಮುಚ್ಚಿದ್ದರೆ ಬೇರೆ ಬಾಗಿಲು ಕಟ್ಟಿಕೊಂಡವರೂ ಇದೇ ಕಡಲ ತಡಿಯಲ್ಲಿದ್ದಾರೆ. ದೇವಸ್ಥಾನದೊಳಗೆ ಬಿಡದ ಕಾಲದಲ್ಲಿ ಬಿಲ್ಲವರು ಹೊಯಿಗೆಬಜಾರಿನ ಸಾಹುಕಾರ ಕೊರಗಪ್ಪನವರ ಮುಂದಾಳತ್ವದಲ್ಲಿ ನಾರಾಯಣ ಗುರುಗಳನ್ನು ಕರೆಸಿದರು. 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆಯಾಯಿತು. ಇವತ್ತು ಮಂಗಳೂರು ದಸರಾ ಎಂದರೆ ಕುದ್ರೋಳಿ, ಯಾವ ಜಾತಿಯವರೂ ಅಲ್ಲಿಗೆ ಹೋಗುತ್ತಾರೆ. ತಮಗೆ ಸಿಗದ ಪ್ರವೇಶವನ್ನು ಅವರು ಎಲ್ಲರಿಗೂ ಕೊಟ್ಟರು. ನೀವು ಕಟ್ಟುವ ಭವನದಲ್ಲಿ ಬೋಟಿನಲ್ಲಿ ದುಡಿಯುವ ಹೊರ ರಾಜ್ಯದ ಹುಡುಗರ ಹೆಸರೂ ಇರಬೇಕು ಎಂದು ನಾನು ಕೇಳುವುದು ಇದಕ್ಕೇ. ಬೋಟು ನಿಲ್ಲುವ ಧಕ್ಕೆಯಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ಎಷ್ಟಿದ್ದಾರೆ ಎಂದು ನಿಮಗೇ ಗೊತ್ತು. ಅವರಲ್ಲಿ ಒಬ್ಬ ನೀರಿಗೆ ಬಿದ್ದು ಹೋದರೆ ಫೋಟೋ ತಂದು ಹಾಕುವ ಮಕ್ಕಳು ಇಲ್ಲಿಲ್ಲ. ಸಮಿತಿಯೇ ಹಾಕಬೇಕು.

ಕೆಲವು ಲೌಕಿಕದ ಮಾತು. ಜಾಗ ಉಬ್ಬರದ ಗೆರೆಯಿಂದ ಎಷ್ಟು ದೂರ ಎಂದು ಮೊದಲು ಅಳೆಸಿ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 1991ರಲ್ಲಿ ಬಂತು, 2011ರಲ್ಲೂ 2019ರಲ್ಲೂ ಬದಲಾಯಿತು. ಅನುಮತಿ ಇಲ್ಲದೆ ಪಾಯ ತೆಗೆದು ಆಮೇಲೆ ಕೋರ್ಟು ಕಚೇರಿ ಅಲೆಯುವಂತಾಗಬಾರದು. ಹತ್ತಿರದಲ್ಲೇ ಇದೆಯೆಂದು ಕಡಲ ಹೊಯಿಗೆಯನ್ನು (ಮರಳನ್ನು) ಸಿಮೆಂಟಿಗೆ ಬೆರೆಸಲೇಬೇಡಿ. ಉಪ್ಪು ಒಳಗಿನ ಕಬ್ಬಿಣಕ್ಕೆ ಇಳಿಯುತ್ತದೆ, ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಸ್ಲ್ಯಾಬಿನ ಅಡಿಯಿಂದ ಚಕ್ಕೆ ಉದುರಲು ಶುರುವಾಗುತ್ತದೆ. ಈ ಗಾಳಿಗೆ ನಮ್ಮ ಹಿರಿಯರು ಕಂಡುಕೊಂಡದ್ದು ಮುರಕಲ್ಲಿನ ಗೋಡೆ, ಮರದ ಪಕ್ಕಾಸು, ಹಂಚಿನ ಮಾಡು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಮಂಗಳೂರು ಹಂಚು ಎಲ್ಲೆಲ್ಲಿಗೋ ಹಡಗು ಹತ್ತಿ ಹೋಯಿತು. ಒಡೆದರೆ ಆ ಒಂದು ಹಂಚು ತೆಗೆದು ಇನ್ನೊಂದು ಇಟ್ಟರಾಯಿತು. ದೊಡ್ಡ ಸಭಾಂಗಣಕ್ಕೆ ಸ್ಲ್ಯಾಬೇ ಬೇಕು ಎನ್ನುವವರಿದ್ದೀರಿ, ನಾನು ಇಂಜಿನಿಯರ್ ಅಲ್ಲ. ಆದರೆ ಬೇಸಗೆಯ ಮಧ್ಯಾಹ್ನ ಸ್ಲ್ಯಾಬಿನಡಿಯಲ್ಲಿ ಕೂತು ನೋಡಿ, ಆಮೇಲೆ ತೀರ್ಮಾನಿಸಿ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದರು: ದೊಡ್ಡ ಮೊತ್ತ ಕೊಡುವವರೊಬ್ಬರು ಮುಂಬಯಿಯಲ್ಲಿದ್ದಾರೆ, ತಂದೆಯ ಹೆಸರನ್ನು ಭವನಕ್ಕೆ ಇಡಬೇಕೆನ್ನುತ್ತಾರೆ, ಏನು ಮಾಡುವುದು? ನಾನು ಹೇಳಿದೆ: ಮುಂಬಯಿಯ ದುಡ್ಡಿಲ್ಲದೆ ನಮ್ಮ ಕರಾವಳಿಯಲ್ಲಿ ಎದ್ದು ನಿಂತ ಮಂದಿರ, ಶಾಲೆ, ಆಸ್ಪತ್ರೆ ಎಷ್ಟಿವೆ? ಕೊಡುವವರ ಪ್ರೀತಿಯನ್ನು ಹಗುರ ಮಾಡಬಾರದು. ಅವರ ತಂದೆಯ ಹೆಸರು ವೇದಿಕೆಗೆ ಇರಲಿ, ಊಟದ ಹಾಲಿಗೆ ಇರಲಿ, ಕಲ್ಲಿನಲ್ಲಿ ಕೆತ್ತಿಸಿ. ಭವನದ ಹೆಸರು ಮಾತ್ರ ಕಡಲಿಗೆ ಹೋದ ಎಲ್ಲರದ್ದು ಎಂದೇ ಉಳಿಯಲಿ. ಅವರಿಗೆ ಇದನ್ನು ಪತ್ರದಲ್ಲಿ ಬರೆಯಬೇಡಿ, ಇಬ್ಬರು ಹಿರಿಯರು ಹೋಗಿ ಕೂತು ಹೇಳಿ, ಒಪ್ಪುತ್ತಾರೆ ಎಂಬ ನಂಬಿಕೆ ನನಗಿದೆ.

ಹಿಂದಿನ ಸಾಲಿನಿಂದ ಒಬ್ಬಾಕೆ ಎದ್ದು ನಿಂತು, ಸಮಿತಿಯಲ್ಲಿ ಹೆಂಗಸರು ಯಾಕಿಲ್ಲ ಎಂದು ಕೇಳಿದರು. ಮೀನು ಹೊತ್ತು ಮಾರಿ ಮನೆ ನಡೆಸಿದವರು ಅವರು, ಗಂಡ ಕಡಲಿನಲ್ಲಿ ಹೋದ ಮೇಲೆ ಮಕ್ಕಳನ್ನು ಓದಿಸಿದವರೂ ಅವರೇ. ಯಾರ ನೆನಪಿಗೆ ಭವನ ಕಟ್ಟುತ್ತೀರೋ ಅವರ ಹೆಂಡತಿ, ತಾಯಿ ಸಮಿತಿಯಲ್ಲಿ ಇಲ್ಲದೆ ಅದು ಹೇಗಾಗುತ್ತದೆ? ನಾನು ಉತ್ತರ ಹೇಳುವ ಮೊದಲೇ ಗುರಿಕಾರರು ಎದ್ದು, ಮುಂದಿನ ಸಭೆಯಲ್ಲಿ ಸೇರಿಸುತ್ತೇವೆ ಎಂದರು. ಎಷ್ಟು ಮಂದಿ ಎಂದು ಆಕೆ ಕೂಡಲೇ ಕೇಳಿದರು. ಅರ್ಧಕ್ಕೆ ಕಡಿಮೆ ಬೇಡ ಎಂದು ನಾನೂ ಹೇಳಿದೆ, ಸಭೆಯಲ್ಲಿ ಚಪ್ಪಾಳೆ ಬಿತ್ತು.

ಮನೆಮನೆಗೆ ಹೋಗಿ ಕಡಲಿನಲ್ಲಿ ಹೋದವರ ಹೆಸರು, ಊರು, ಬೋಟು, ದಿನ ಬರೆದುಕೊಳ್ಳುವ ಕೆಲಸ ಈ ವಾರವೇ ಶುರುವಾಗಲಿ. ನೆನಪಿರುವ ಅಜ್ಜಿಯಂದಿರು ಇನ್ನೂ ಇದ್ದಾರೆ. ಆಗಸ್ಟ್ 1ಕ್ಕೆ ಬೋಟು ಇಳಿದರೆ ಆಮೇಲೆ ನೀವು ಯಾರೂ ಊರಲ್ಲಿ ಸಿಗುವುದಿಲ್ಲ.